ದೇಶಗತ್ತಿ ವಕೀಲರ ಗಂಟಲು

ನನ್ನ ತಂಗಿ ದ್ಯಾಮವ್ವ ಹಚ್ಚದ ಬೆಂಕಿಯನ್ನು ಹಚ್ಚಿದೆನೆಂದು, ಅವಳದೇ ದನಿಯಲ್ಲಿ, ಅವಳ ವಕೀಲರಾದ ದೇಶಗತ್ತಿಯವರು ಕೋರ್ಟಿನಲ್ಲಿ ಒಪ್ಪಿಕೊಂಡರು. ಒಪ್ಪಿಕೊಳ್ಳುವ ಮೊದಲು ಅವಳನ್ನು ಕೇಳಲಿಲ್ಲ. ಅವಳಿಗೆ ಏಳು ವರ್ಷ ಶಿಕ್ಷೆಯಾಯಿತು.

ನಮ್ಮ ಊರಿನಲ್ಲಿ ವಕಾಲತ್ತು ಕೊಡುವುದೆಂದರೆ ದನಿ ಕೊಡುವುದು. ತಾಮ್ರದ ತಂಬಿಗೆಯ ನೀರಿಗೆ ಕಕ್ಷಿದಾರರು ಬಾಯಿ ತಂದು ಉಸಿರು ಬಿಡುತ್ತಾರೆ, ವಕೀಲರು ಆ ನೀರು ಕುಡಿಯುತ್ತಾರೆ. ಅಲ್ಲಿಂದ ಖಟ್ಲೆ ಮುಗಿಯುವ ತನಕ ಆ ದನಿ ವಕೀಲರ ಗಂಟಲಲ್ಲಿ ಬಿಡಾರ ಹೂಡುತ್ತದೆ, ಕಕ್ಷಿದಾರರು ಮೂಕರು. ಹಾಗಾಗಿ ಸಂತೆಯಲ್ಲಿ ಬದನೆಕಾಯಿ ತೋರಿಸಿ, ಹುಬ್ಬೇರಿಸಿ, ಮುಖ ಕಿವುಚಿ ವ್ಯಾಪಾರ ಮಾಡುವವರನ್ನು ಕಂಡರೆ ನಾವು ಬೆರಗಾಗುವುದಿಲ್ಲ; 'ಪಾಪ, ಖಟ್ಲೆ' ಎಂದು ಒಂದು ಕಾಯಿ ಹೆಚ್ಚಿಗೆ ಹಾಕುತ್ತೇವೆ. ಖಟ್ಲೆಯಿದ್ದ ಹುಡುಗನ ಮದುವೆಯಾದರೆ ವಕೀಲರಿಗೂ ಬಾಸಿಂಗದ ಪಕ್ಕದಲ್ಲೇ ಮಣೆ. ನಮ್ಮ ಓಣಿಯ ಮುದುಕಿಯೊಬ್ಬಳು ಒಂದು ಗೋಡೆಯ ಸಲುವಾಗಿ ಎಷ್ಟು ಕಾಲ ವ್ಯಾಜ್ಯ ಹೂಡಿದ್ದಳೆಂದರೆ, ಅವಳ ಮೊಮ್ಮಕ್ಕಳು ಸಂಜೆಯಾದರೆ ವಕೀಲರ ಕಟ್ಟೆಗೇ ಹೋಗಿ "ಅಜ್ಜಿ, ಕತಿ ಹೇಳ" ಎಂದು ಅವರ ಕರಿ ಕೋಟು ಜಗ್ಗುತ್ತಿದ್ದವು. ಅವರೂ ಹೇಳುತ್ತಿದ್ದರು. ಏನು ಮಾಡುತ್ತಾರೆ, ದನಿ ಒಳಗಿತ್ತಲ್ಲ.

ದೊಡ್ಡವರಿಗೆ ಇದರಿಂದ ಏನೂ ತ್ರಾಸಿಲ್ಲ. ಅವರು ಮೂಕರಾದರೆ ಜನ ಅದನ್ನು ಗಾಂಭೀರ್ಯ ಅನ್ನುತ್ತಾರೆ. ಅವರ ಪರವಾಗಿ ಮಾತಾಡಲು ಮ್ಯಾನೇಜರ್ ಇರುತ್ತಾನೆ, ಅಳಿಯ ಇರುತ್ತಾನೆ. ನಮ್ಮಂಥವರು ಮೂಕರಾದರೆ ಆ ಮನೆಯಲ್ಲಿ ಮಗುವನ್ನು ಕರೆಯುವುದಕ್ಕೂ ತಟ್ಟೆ ಬಡಿಯಬೇಕು.

ದ್ಯಾಮವ್ವ, ನಾನು, ನಮ್ಮ ಓಣಿಯ ಹೆಂಗಸರೆಲ್ಲ ಹತ್ತಿ ಬಿಡಿಸುವ ಗಿರಣಿಯಲ್ಲಿ ದುಡಿಯುತ್ತಿದ್ದೆವು. ಗಿರಣಿಯ ಹಿಂದಿನ ಬಾಗಿಲು ಬಯಲಿಗೆ ತೆರೆಯುತ್ತದೆ. ಬಯಲಲ್ಲಿ ಜಾಲಿಮರಕ್ಕೆ ಜೋಳಿಗೆ ಕಟ್ಟಿ ಕೂಸುಗಳನ್ನು ಮಲಗಿಸುತ್ತಿದ್ದೆವು. ಹಾಲುಣಿಸುವ ನೆಪದಲ್ಲಿ ಹೆಂಗಸರು ಗಾಳಿಗೆ ಹೋಗುತ್ತಾರೆಂದು ಮಾಲಕರು ಆ ಬಾಗಿಲಿಗೆ ಕೀಲಿ ಜಡಿಸಿದರು. ಕೂಸುಗಳು ಹೊರಗೆ ಅತ್ತರೆ ಒಳಗೆ ನಮ್ಮ ಕುಪ್ಪಸ ತೋಯುತ್ತಿತ್ತು. ಒಂದು ಮಧ್ಯಾಹ್ನ ಯಂತ್ರದ ಪಟ್ಟಿ ತಿಕ್ಕಿ ಕಿಡಿ ಹಾರಿ ಮುಂದಿನ ಬಾಗಿಲ ಬಳಿಯ ಹತ್ತಿಗೆ ಬಿತ್ತು. ಹತ್ತಿಗೆ ಬೆಂಕಿ ಬಿದ್ದರೆ ಕೂಗುವಷ್ಟೂ ಪುರುಸೊತ್ತು ಸಿಗುವುದಿಲ್ಲ. ನಾವೆಲ್ಲ ಹಿಂದಿನ ಬಾಗಿಲಿಗೆ ಓಡಿ ಅದನ್ನು ಬರಿಗೈಯಲ್ಲಿ ಬಡಿಯುತ್ತಿದ್ದಾಗ ದ್ಯಾಮವ್ವ ಹತ್ತಿ ಅಂಡಿಗೆಯ ಕಟ್ಟು ಕಡಿಯುವ ಕೊಡಲಿ ತಂದು ಬಾಗಿಲನ್ನೇ ಸೀಳಿದಳು. ಸುಟ್ಟದ್ದು ಹತ್ತಿ. ಸುಡದೆ ಉಳಿದದ್ದು ನಾವು. ಮರುದಿನ ಪೊಲೀಸರು ಬಂದು, ಕೊಡಲಿ ಹಿಡಿದವಳೇ ಕಡ್ಡಿಯನ್ನೂ ಗೀರಿದಳು ಎಂದು ಅವಳನ್ನು ಹಿಡಿದುಕೊಂಡು ಹೋದರು.

ಊರಲ್ಲಿ ದೊಡ್ಡ ವಕೀಲರೆಂದರೆ ದೇಶಗತ್ತಿಯವರು. ಅವರೇ ತಾವಾಗಿ ಜೈಲಿಗೆ ಹೋಗಿ "ಬಡವರ ಹೆಣ್ಣುಮಗಳು, ನಾ ನಡಸ್ತೀನಿ" ಎಂದಾಗ ನಾವು ಅವರ ಕಾಲಿಗೆ ಬಿದ್ದೆವು. ದ್ಯಾಮವ್ವ ತಂಬಿಗೆಗೆ ಉಸಿರು ಬಿಟ್ಟಳು. ಖಟ್ಲೆ ನಿಂತ ದಿನ ಅವರು ಮಫ್ಲರು ಸಡಿಲಿಸಿ, ಎದ್ದು, ನನ್ನ ತಂಗಿಯ ದನಿಯಲ್ಲಿ ಹೇಳಿದರು: "ನಾ ಬೆಂಕಿ ಹಚ್ಚೇನ್ರೀ. ಸಿಟ್ಟಿನ ಕೈಯಾಗ ಬುದ್ಧಿ ಕೊಟ್ಟೆ. ತಪ್ಪಾತು, ಹೊಟ್ಟ್ಯಾಗ ಹಾಕ್ಕೋರ್ರಿ." ಕಟಕಟೆಯಲ್ಲಿ ದ್ಯಾಮವ್ವ ಎರಡೂ ಕೈ ಎತ್ತಿ ಬೀಸಿದ್ದು ಹೊರಗಿದ್ದ ನನಗೆ ಬಾಗಿಲ ಸಂದಿಯಿಂದ ಕಂಡಿತು. ಪೊಲೀಸಿನವಳು ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಒಪ್ಪಿಕೊಂಡ ಮೇಲೆ ಸಾಕ್ಷಿಗಳೇಕೆ? ಹೊರಗೆ ಸಾಕ್ಷಿ ಹೇಳಲು ಕಾದು ನಿಂತಿದ್ದ ನಮ್ಮನ್ನು ಯಾರೂ ಒಳಗೆ ಕರೆಯಲಿಲ್ಲ. ಬಾಗಿಲಿಗೆ ಕೀಲಿ ಹಾಕಿದ ಮಾತು ಆ ಕೋರ್ಟಿನ ಗಾಳಿಯನ್ನು ಸೋಕಲೇ ಇಲ್ಲ.

ನಮ್ಮ ಅವ್ವ ಮಾತ್ರ ಒಳಗೆ ಕೂತಿದ್ದಳು. ಅವತ್ತಿನಿಂದ ಅವಳು ಮಗಳ ಹೆಸರು ಎತ್ತುವುದನ್ನು ಬಿಟ್ಟಳು. "ಅವ್ವಾ, ಮಾತಾಡಿದ್ದು ವಕೀಲ" ಎಂದು ನಾನು ತಲೆ ಚಚ್ಚಿಕೊಂಡರೆ, "ದನಿ ಆಕೀದು. ನನ್ನ ಕಿವಿಯಾರೆ ಕೇಳೇನಿ. ಹೊತ್ತು ಹಡದಾಕಿಗಿ ದನಿ ಗುರ್ತ ಸಿಗೂದಿಲ್ಲೇನ?" ಅನ್ನುತ್ತಿದ್ದಳು. ನಮ್ಮೂರ ಮಂದಿಯೇ ಹಾಗೆ. ಯಾರ ಬಾಯಿ ಎಂದು ನೋಡುವುದಿಲ್ಲ, ಯಾರ ದನಿ ಎಂದಷ್ಟೇ ಕೇಳುತ್ತಾರೆ.

ಮೇಲಿನ ಕೋರ್ಟಿಗೆ ಅಪೀಲು ಹಾಕಿದವರೂ ದೇಶಗತ್ತಿಯವರೇ. ಶಿಕ್ಷೆ ಸ್ವಲ್ಪ ಕಡಿಮೆ ಮಾಡಿ ಎಂದಷ್ಟೇ ಅದರಲ್ಲಿ ಕೇಳಿದ್ದರು. ಕೋರ್ಟಿನಲ್ಲಿ ಅಪೀಲನ್ನು ಮೊದಲ ಸಲ ಕೂಗಿ ತಾರೀಖು ಮುಂದಕ್ಕೆ ಹೋದ ಮೇಲೆ ನಾನು ಜೈಲಿಗೆ ಹೋದೆ. ಗಿರಣಿಯ ಗದ್ದಲದಲ್ಲಿ ಮಾತು ಕೇಳಿಸದೆ ನಾವು ಹೆಂಗಸರು ಕೈಯಲ್ಲೇ ಮಾತಾಡಿಕೊಳ್ಳುವುದನ್ನು ಕಲಿತಿದ್ದೆವು. ಗಂಡ ಕುಡಿದದ್ದು, ನಾದಿನಿಯ ಸೊಕ್ಕು, ಎಲ್ಲಕ್ಕೂ ಕೈಯಲ್ಲಿ ಮಾತುಂಟು. ಜಾಲರಿಯ ಆಚೆಯಿಂದ ದ್ಯಾಮವ್ವನ ಬೆರಳುಗಳು ಚುರುಕಾಗಿ ಬಯ್ದವು.

"ಆ ವಕೀಲ್ನ ಬಿಡಸ, ಅಕ್ಕ."

"ಅಪೀಲು ನಡದೈತಿ. ನಡುವ ಬಿಡಸಾಕ ಬರತೈತೇನ?"

"ದನಿ ಅವಂಗ ಬಳಸಾಕ ಕೊಟ್ಟೇನಿ, ಬರದು ಕೊಟ್ಟಿಲ್ಲ. ಶಿಕ್ಷಾ ಕಮ್ಮಿ ಮಾಡ್ರಿ ಅಂತ ಬೇಡ್ಯಾನಂತ. ಕಮ್ಮಿ ಯಾಕ? ಹಚ್ಚಿಲ್ಲ ಅನ್ನಬೇಕಲ್ಲ." ಆಮೇಲೆ, "ಅವ್ವ ಯಾಕ ಬರ್ಲಿಲ್ಲ?"

"ಮೊಣಕಾಲ ನೋವ."

"ಸುಳ್ಳ ಹೇಳೂವಾಗ ಕೈ ನಡಗಸಬ್ಯಾಡ."

"ಏ, ಏನದು ಕೈ ಆಡಸೂದು?" ಎಂದು ಕಾವಲಿನವ ಗದರಿದ. "ಸೊಳ್ಳಿ ಹೊಡ್ಯಾಕತ್ತೀವ್ರೀ, ನಿಮ್ಮ ಜೈಲಾಗ ಭಾಳ ಅದಾವು" ಎಂದೆ. ದ್ಯಾಮವ್ವ ನಕ್ಕಳು. ಸದ್ದಿಲ್ಲದ ನಗು. ಅದನ್ನು ನೋಡಲಾಗದೆ ನಾನು ಎದ್ದು ನೇರ ದೇಶಗತ್ತಿಯವರ ಮನೆಗೆ ನಡೆದೆ.

ಅವರು ಕಟ್ಟೆಯ ಮೇಲೆ ಮಫ್ಲರು ಸುತ್ತಿಕೊಂಡು ಅಜವಾನ ಹಾಕಿದ ಬಿಸಿನೀರು ಗುಟುಕರಿಸುತ್ತಿದ್ದರು. ಊರ ಅರ್ಧ ದನಿ ತುಂಬಿಕೊಂಡ ಗಂಟಲು, ಅದರ ಆರೈಕೆ ಬಸುರಿಯ ಆರೈಕೆಯ ಹಾಗೆ. ನಾನು ನಿಂತುಕೊಂಡೇ ಹೇಳಿದೆ: "ಸಾಹೇಬ್ರ, ನಮ್ಮ ದ್ಯಾಮವ್ವನ ದನಿ ಬಿಟ್ಟು ಕೊಡ್ರಿ. ಬ್ಯಾರೆ ವಕೀಲ್ರನ್ನ ಹಚ್ಚತೀವಿ. ನಿಮ್ಮ ತಕರಾರಿಲ್ಲ ಅಂತ ಕೋರ್ಟಿನಾಗ ಹೇಳಿಬಿಡ್ರಿ."

"ಏನವಾ ಫಕೀರವ್ವಾ," ಎಂದರು ಮೆತ್ತಗೆ, "ಹೆರಿಗಿ ನಡಕ ಯಾರರ ಸೂಲಗಿತ್ತಿನ್ನ ಬದಲು ಮಾಡ್ತಾರೇನು?"

"ಸೂಲಗಿತ್ತಿ ಕೂಸಿನ ಕುತ್ತಿಗಿ ಹಿಚಕಾಕತ್ತಿದ್ರ ಮಾಡ್ತಾರ್ರಿ."

ಅವರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವುದು ಸರೀಕರ ಮೇಲೆ. "ಆಕಿ ಒಳ್ಳೇದಕ್ಕ ಮಾಡೇನಿ. ಒಪ್ಕೊಂಡ್ರ ದಯಾ ತೋರಸ್ತಾರ ಅಂತ ಎಣಸಿದ್ದೆ."

"ಎಣಸಿದವ್ರು ನೀವು, ಒಳಗ ಕುಂತಾಕಿ ಆಕಿ. ಕೇಳಬೇಕಿತ್ತಲ್ರಿ ಒಂದ ಮಾತು?"

"ದನಿ ಕೊಟ್ಟ ಮ್ಯಾಲ ಕೇಳೂದೇನೈತಿ?" ಎಂದವರು ಮಫ್ಲರಿನೊಳಗೆ ಕತ್ತು ಹೊರಳಿಸಿದರು. ಆಮೇಲೆ ಆ ನರೆ ಮೀಸೆಯ ಕೆಳಗಿನಿಂದ, ನಾನು ಹೆರಳು ಹಾಕಿ ಬೆಳೆಸಿದ ಹುಡುಗಿಯ ದನಿ ಹೊರಬಂತು: "ಅಕ್ಕಾ, ಸುಮ್ನ ಮನೀಗಿ ಹೋಗ. ಸಾಹೇಬ್ರು ನೋಡ್ಕೋತಾರ."

ನನಗೆ ಅಂಗಾಲಿನಿಂದ ಉರಿ ಹತ್ತಿತು. "ಆ ದನೀಲೆ ಇನ್ನೊಮ್ಮಿ ನನ್ನ ಅಕ್ಕಾ ಅಂದ್ರ, ಸಾಹೇಬ್ರ, ಈ ಬಿಸಿನೀರು ನಿಮ್ಮ ಗಂಟಲಾಗ ಇಳಿಯೂದಿಲ್ಲ, ನೆತ್ತಿ ಮ್ಯಾಲ ಇಳೀತೈತಿ" ಎಂದು ಲೋಟಕ್ಕೆ ಕೈಹಾಕಿದೆ. ಅವರು ಗಾಬರಿಯಾಗಿ ಗುಟುಕು ತಪ್ಪಿ ನೆತ್ತಿಗೇರಿಸಿಕೊಂಡರು. ಕೆಮ್ಮು ಶುರುವಾಯಿತು. ವಕೀಲರು ಕೆಮ್ಮಿದರೆ ಒಳಗಿನ ದನಿಗಳು ಹೊರಗೆ ಬೀಳುತ್ತವೆ, ಬಿದ್ದ ದನಿ ತನ್ನ ಹಳೆಯ ರೂಢಿಯ ಮಾತನ್ನೇ ಆಡುತ್ತದೆ. ಇದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಒಂದು ಕೆಮ್ಮಿಗೆ ಯಾವನೋ ಮುದುಕ "ಬದು ಒತ್ಯಾನ್ರಿ, ಬದು" ಎಂದ. ಇನ್ನೊಂದಕ್ಕೆ ಯಾರೋ ಹೆಂಗಸು "ಹಾಲ ಉಕ್ಕತು" ಎಂದಳು. ಮೂರನೆಯ ಕೆಮ್ಮಿಗೆ ಒಂದು ಗಡಸು ದನಿ ಕಟ್ಟೆಯೆಲ್ಲ ಅದುರುವಂತೆ ಗುಡುಗಿತು: "ಹಿಂದಿನ ಬಾಗಲಾ ಕೀಲಿ ಹಾಕ್ರಲೇ! ಒಬ್ಬಾಕೀನೂ ಹೊರಗ ಬಿಡಬ್ಯಾಡ್ರಿ!"

ದೇಶಗತ್ತಿಯವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಆ ದನಿಯನ್ನು ನಾನು ದಿನಾ ಕೇಳಿದವಳು. ಗಿರಣಿಯ ಮಾಲಕರು ಬೆಂಕಿ ಬಿದ್ದಂದಿನಿಂದ ಮೂಕರಾಗಿದ್ದರು. ಹಾನಿಯ ದುಃಖಕ್ಕೆ ಸಾಹುಕಾರರ ಮಾತೇ ನಿಂತುಹೋಯಿತು ಎಂದು ಮ್ಯಾನೇಜರ್ ಹೇಳಿದ್ದ, ನಾವೂ ಅಯ್ಯೋ ಅಂದಿದ್ದೆವು. ದುಃಖವಲ್ಲ, ದಾವೆ. ಸುಟ್ಟ ಹತ್ತಿಯ ವಿಮೆಗಾಗಿ ದೇಶಗತ್ತಿಯವರಿಗೆ ದನಿ ಕೊಟ್ಟು ಕೂತಿದ್ದರು. ಬೆಂಕಿ ಬೇರೆಯವರು ಹಚ್ಚಿದ್ದಾದರೆ ವಿಮೆ ಸಿಗುತ್ತದೆ. ಮಾಲಕರ ಯಂತ್ರದ ಕಿಡಿಯಿಂದ, ಮಾಲಕರ ಬೇಜವಾಬ್ದಾರಿಯಿಂದ ಆದದ್ದಾದರೆ ಇಲ್ಲ. ಬಾಗಿಲು ಮುಚ್ಚಿಸಿದ ದನಿ, ಬಾಗಿಲು ಒಡೆದ ದನಿ, ಎರಡೂ ಒಂದೇ ಗಂಟಲಲ್ಲಿ ಬಗಲಿಗೆ ಬಗಲು ಹಚ್ಚಿ ಕೂತಿದ್ದವು. ಅವೆರಡರಲ್ಲಿ ಯಾವುದು ಯಾವುದರ ಮೇಲೆ ಕೂತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಹೊಸ ವಕೀಲರನ್ನು ಹುಡುಕುವುದು ಸುಲಭವಿರಲಿಲ್ಲ. ದೇಶಗತ್ತಿಯವರ ಹೆಸರು ಕೇಳುತ್ತಲೇ ಒಬ್ಬರಿಗೆ ಗಂಟಲು ಕೆರೆಯಿತು, ಇನ್ನೊಬ್ಬರಿಗೆ ಮಗಳ ಸೀಮಂತ ಬಂತು. ಕಡೆಗೆ ಒಪ್ಪಿದವಳು ಜೈತೂನಬಿ ನದಾಫ. ಅವಳ ಅಪ್ಪ ಓಣಿ ಓಣಿ ತಿರುಗಿ ಗಾದಿಯ ಹತ್ತಿ ಹಿಂಜುತ್ತಿದ್ದವನು. ಮಫ್ಲರು ಸುತ್ತದ ವಕೀಲಿ ಊರಲ್ಲಿ ಅವಳೊಬ್ಬಳೇ. ನನ್ನ ಜೊತೆ ಜೈಲಿಗೆ ಬಂದು ದ್ಯಾಮವ್ವನ ಮುಂದೆ ಕೂತು, ನಾನು ಕೈಮಾತನ್ನು ಬಾಯಿಮಾತು ಮಾಡಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಹೇಳಿದಳು:

"ನೋಡವಾ ತಂಗಿ, ಮೊದಲ ಹೇಳಿಬಿಡ್ತೀನಿ. ನಂದೂ ಗಂಟಲನ. ನಿನ್ನ ದನಿ ನನ್ನೊಳಗ ಬಂದ ಮ್ಯಾಲ ನನಗ ತಿಳದಂಗ ಆಡತೈತಿ. ನಾ ಒಳ್ಳೇಕಿ ಅಂತ ನಂಬಿ ಕೊಡಬ್ಯಾಡ. ಆ ದೇಶಗತ್ತೀನೂ ತಾ ಒಳ್ಳೆಯವ ಅಂತನ ತಿಳ್ಕೊಂಡಾನ. ಯಾವ ಮಾತು ಬಿಡಬಾರದು, ಅದನ್ನ ಹೇಳು."

"ಬಾಗಲದ ಮಾತು" ಎಂದವು ದ್ಯಾಮವ್ವನ ಕೈಗಳು.

ಜೈತೂನಬಿ ನಿಯಮವನ್ನೂ ಬಿಡಿಸಿ ಹೇಳಿದಳು. ವಕೀಲರು ಬದಲಾಗುವಾಗ ದನಿ ಒಂದು ಗಳಿಗೆ ಅದರ ಒಡತಿಗೆ ಬರುತ್ತದೆ. "ಒಪ್ಪಿಗೆ ಐತಿ" ಎಂದು ಹೇಳಿ ಅದನ್ನು ಕೂಡಲೇ ಹೊಸ ವಕೀಲರ ತಂಬಿಗೆಗೆ ಬಿಡಬೇಕು. ಬಿಡದಿದ್ದರೆ ಅಪೀಲು ಅಲ್ಲಿಗೇ ವಜಾ, ಏಳು ವರ್ಷ ಕಾಯಂ. ಈವರೆಗೆ ಬಿಡದವರು ಯಾರೂ ಇಲ್ಲ. ದ್ಯಾಮವ್ವ ತಲೆಯಾಡಿಸಿದಳು.

ಅಪೀಲಿನ ದಿನ ಅವ್ವನನ್ನೂ ಎಬ್ಬಿಸಿಕೊಂಡು ಹೋದೆ. "ಬರ್ತೀನಿ. ಆದ್ರ ಆಕಿ ಮಾರಿ ನೋಡೂದಿಲ್ಲ" ಎಂದು ಶರತ್ತು ಹಾಕಿಯೇ ಬಂದಳು, ಕೋರ್ಟಿನಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಗಿರಣಿಯ ಹೆಂಗಸರು ಹಿಂದಿನ ಬೆಂಚುಗಳನ್ನು ತುಂಬಿದ್ದರು.

ಜೈತೂನಬಿ ಎದ್ದು ವಕೀಲರನ್ನು ಬದಲಿಸುವ ಅರ್ಜಿ ಮಂಡಿಸಿದಳು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. "ಕಕ್ಷಿದಾರಳ ಇಚ್ಛೆ ಏನು? ಆಕೆಯ ದನಿಯಲ್ಲೇ ಹೇಳಬೇಕು."

ದನಿ ಯಾರಲ್ಲಿತ್ತೋ ಅವರು ಎದ್ದರು. ದ್ಯಾಮವ್ವ ಕಟಕಟೆಯಲ್ಲಿ ನಿಂತಿರುವಾಗಲೇ ಅವಳ ದನಿ ದೇಶಗತ್ತಿಯವರ ಬಾಯಿಂದ ಹೇಳಿತು: "ನನಗ ದೇಶಗತ್ತಿ ಸಾಹೇಬ್ರೇ ಸಾಕ್ರಿ. ಭಾಳ ಛಲೋ ನೋಡ್ಕೊಂಡಾರ."

"ಬರೆದುಕೊಳ್ಳಿ" ಎಂದರು ನ್ಯಾಯಾಧೀಶರು.

"ಮಹಾಸ್ವಾಮಿ," ಎಂದಳು ಜೈತೂನಬಿ, "ಕಳ್ಳನ್ನ ಹಿಡಿಯೂದೋ ಬ್ಯಾಡೋ ಅಂತ ಕಳ್ಳನ್ನೇ ಕೇಳಿದಂಗಾತು. ಇರ್ಲಿ. ನನಗ ಒಂದ ಪ್ರಶ್ನೆ ಐತಿ. ಗಿರಣಿ ಮಾಲಕರ ದನಿ ಸಾಹೇಬ್ರ ಗಂಟಲಾಗ ಐತೋ ಇಲ್ಲೋ?"

ದೇಶಗತ್ತಿಯವರು ತಮ್ಮ ಸ್ವಂತ ದನಿಯಲ್ಲಿ, ಅದೂ ಸ್ವಲ್ಪ ಹುಡುಕಿ ತೆಗೆದು, ಹೇಳಿದರು: "ಅದು ಬೇರೆ ದಾವೆ. ಈ ಖಟ್ಲೆ ಹೂಡಿದ್ದು ಸರಕಾರ, ಮಾಲಕರಲ್ಲ. ಎರಡಕ್ಕೂ ಸಂಬಂಧವಿಲ್ಲ."

"ಸಂಬಂಧ ಇಲ್ಲಂದ್ರ ಛಲೋನ ಆತು. ಹಂಗಾದ್ರ ಸಾಹೇಬ್ರು ಒಂದ ಸಲ ಕೆಮ್ಮಲಿ."

ಹಿಂದಿನ ಬೆಂಚಿನವರು ಗೊಳ್ಳೆಂದು ನಕ್ಕರು. "ಕೆಮ್ರೀ ಸಾಹೇಬ್ರ, ನಾಚಬ್ಯಾಡ್ರಿ!" ಎಂದು ಯಾರೋ ಕೂಗಿದರು. ಜವಾನ ಸುಮ್ಮನಿರಿ ಎಂದ. ಕೆಮ್ಮಬಾರದು ಅಂದುಕೊಂಡಾಗಲೇ ಕೆಮ್ಮು ಬರುವುದು. ದೇಶಗತ್ತಿಯವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬದನೆಯ ಬಣ್ಣಕ್ಕೆ ತಿರುಗಿತು. ಮಫ್ಲರನ್ನು ಬಾಯಿಗೆ ಒತ್ತಿಕೊಂಡು, ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ತಡೆದರು. ಕಡೆಗೆ ಕೀರಲು ಉಸಿರಲ್ಲಿ "ತಕರಾರಿಲ್ಲ. ನನ್ನ ತಕರಾರಿಲ್ಲ" ಎಂದರು. ತಂಬಿಗೆ ತರಿಸಿದರು. ಅವರು ಅದರೊಳಗೆ ಉಸಿರು ಬಿಟ್ಟದ್ದೇ ತಡ, ಹೊರಗೆ ಓಡಿದರು. ಪಡಸಾಲೆಯಲ್ಲಿ ಊರಿನ ಅರ್ಧ ಜನ ಕೆಮ್ಮುವುದು ನಮಗೆ ಕೇಳಿಸಿತು.

ಜವಾನ ತಂಬಿಗೆಯನ್ನು ಕಟಕಟೆಗೆ ತಂದ. ದ್ಯಾಮವ್ವ ನೀರನ್ನು ಗಟಗಟ ಕುಡಿದಳು. "ಒಪ್ಪಿಗೆ ಇದೆಯೇ?" ಎಂದರು ನ್ಯಾಯಾಧೀಶರು.

ಅವಳ ಬಾಯಿ ತೆರೆಯಿತು. "ಒಪ್ಪಿಗಿ ಐತ್ರಿ. ಮಹಾಸ್ವಾಮಿಗಳು ದಯಾ ತೋರಸಬೇಕು, ನಾ ಬಡವಿ, ತಪ್ಪಾತು..." ಅವಳೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಇಷ್ಟು ದಿನ ಆ ಗಂಟಲಲ್ಲಿದ್ದು ಅವಳ ದನಿ ಬಗ್ಗುವುದನ್ನು ಕಲಿತುಬಿಟ್ಟಿತ್ತು. ಕೈ ಮುಗಿಯುವ ದನಿ, ಮೂಲೆಯಲ್ಲಿ ಕೂರುವ ದನಿ. ಅಜವಾನದ ವಾಸನೆ ನನಗೂ ಬಂದಂತಾಯಿತು. ಅವ್ವ ಗೋಡೆಯ ಕಡೆಗೇ ಮುಖ ಇಟ್ಟುಕೊಂಡು "ಕೇಳಿದ್ಯಾ?" ಎಂದಳು ನನಗೆ.

"ಆಯಿತು, ಒಪ್ಪಿಗೆ ದಾಖಲಾಯಿತು," ಎಂದರು ನ್ಯಾಯಾಧೀಶರು. "ದನಿಯನ್ನು ಹೊಸ ವಕೀಲರಿಗೆ ಬಿಡು."

ಜವಾನ ನೀರು ತುಂಬಿದ ಇನ್ನೊಂದು ತಂಬಿಗೆಯನ್ನು ಅವಳ ಬಾಯಿಯ ಹತ್ತಿರ ಹಿಡಿದ. ದ್ಯಾಮವ್ವ ಮುಖ ತಿರುಗಿಸಿದಳು. ಕಟಕಟೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಗಂಟಲನ್ನು ಒಮ್ಮೆ ಜಾಡಿಸಿ, ಮತ್ತೆ ಶುರು ಮಾಡಿದಳು. "ದಯ..." ಎಂದು ಬಂತು. ನುಂಗಿದಳು. "ಮಹಾಸ್ವಾ..." ಎಂದು ಬಂತು. ಹಲ್ಲು ಕಚ್ಚಿ ಅದನ್ನೂ ತಡೆದಳು. ಕುತ್ತಿಗೆಯ ನರಗಳು ಉಬ್ಬಿ ನಿಂತವು. ಹಗ್ಗ ಹರಿದುಕೊಂಡ ಎಮ್ಮೆಯನ್ನು ಗೂಟಕ್ಕೆ ಜಗ್ಗುವವಳ ಹಾಗೆ ಅವಳು ತನ್ನ ದನಿಯನ್ನೇ ಜಗ್ಗುತ್ತಿದ್ದಳು. ಆಮೇಲೆ ಅದು ಬಂತು, ಒಡೆದು, ಗೊಗ್ಗರಾಗಿ, ಒರಟಾಗಿ:

"ಬಾಗಲಾ ಕೀಲಿ ಹಾಕಿತ್ತು."

ಅವ್ವನ ಬೆನ್ನು ನೆಟ್ಟಗಾಯಿತು. ಅವಳು ಕೂತಲ್ಲೇ ಗೋಡೆಯಿಂದ ಈ ಕಡೆ ಹೊರಳಿ, ಸೆರಗು ಸರಿಮಾಡಿಕೊಂಡು, ಕಟಕಟೆಯತ್ತ ಗದರಿದಳು: "ಜ್ವಾರಾಗಿ ಹೇಳ. ಹಿಂದ ಕುಂತವ್ರಿಗಿ ಕೇಳವಲ್ದು."

"ಬಾಗಲಾ ಕೀಲಿ ಹಾಕಿತ್ತು! ಹೊರಗ ಕೂಸು ಅಳತಿದ್ದವು, ಒಳಗ ನಾವು ಸುಡತಿದ್ದಿವಿ! ಬಾಗಲಾ ಒಡದಾಕಿ ನಾನ. ಬೆಂಕಿ ಹಚ್ಚಿದಾಕಿ ನಾ ಅಲ್ಲ!"

"ಸಾಕು!" ನ್ಯಾಯಾಧೀಶರು ಮೇಜು ಕುಟ್ಟಿದರು. "ಕಕ್ಷಿದಾರಳು ಖುದ್ದಾಗಿ ಮಾತಾಡುವ ರೂಢಿ ಈ ನ್ಯಾಯಾಲಯದಲ್ಲಿಲ್ಲ. ವಕೀಲರೇ, ದನಿಯನ್ನು ವಶಕ್ಕೆ ತೆಗೆದುಕೊಳ್ಳಿ."

ಜೈತೂನಬಿ ಎದ್ದು ಕಟಕಟೆಯ ಹತ್ತಿರ ಹೋದಳು. ಜವಾನನ ಕೈಯಿಂದ ತಂಬಿಗೆ ಇಸಿದುಕೊಂಡಳು. ಒಂದು ಕ್ಷಣ ದ್ಯಾಮವ್ವನನ್ನು ನೋಡಿದಳು. ಈಗ ಬಿಟ್ಟುಕೊಟ್ಟರೆ ಅಪೀಲು ಉಳಿಯುತ್ತದೆ, ಜೈತೂನಬಿ ಬಾಗಿಲ ಮಾತನ್ನು ಆಡಿಯೇ ಆಡುತ್ತಾಳೆ, ಚೆನ್ನಾಗಿಯೇ ಆಡುತ್ತಾಳೆ. ಬಿಡು, ತಂಗಿ, ಎಂದು ಕೈಯಲ್ಲಿ ಹೇಳಹೋದೆ. ದ್ಯಾಮವ್ವ ನನ್ನ ಕೈ ನೋಡಿದಳು, ನೋಡಿ ತಲೆ ಅಡ್ಡ ಆಡಿಸಿದಳು. ಜೈತೂನಬಿ ತಂಬಿಗೆಯನ್ನು ನ್ಯಾಯಾಧೀಶರ ಮುಂದಿನ ಮೇಜಿನ ಮೇಲೆ ಬೋರಲು ಹಾಕಿದಳು. ನೀರು ಹರಿದು ಗುಮಾಸ್ತನ ತೊಡೆಯ ಮೇಲೆ ಸುರಿಯಿತು.

"ಒಪ್ಪಿಗಿ ದಾಖಲಾಗೇತಿ, ಮಹಾಸ್ವಾಮಿ. ನಾ ಈಗ ಆಕಿ ವಕೀಲಿ. ಕಾನೂನಿನ ಮಾತು ನನ್ನ ದನೀಲೆ ನಾ ಆಡ್ತೀನಿ. ಆಕಿ ಮಾತು ಆಕೀನ ಆಡ್ತಾಳ."

"ಹಾಗೆ ಈ ಊರಲ್ಲಿ ಯಾವತ್ತೂ ನಡೆದಿಲ್ಲ."

"ಗೊತ್ತೈತ್ರಿ."

ನ್ಯಾಯಾಧೀಶರು ಹೊಸ ತಂಬಿಗೆ ತರಿಸಿದರು. ಈ ಸಲ ಅದನ್ನು ಹಿಡಿದು ಬಂದವರು ಇಬ್ಬರು ಪೊಲೀಸಿನವರು. ಒಬ್ಬ ದ್ಯಾಮವ್ವನ ಹೆಗಲ ಮೇಲೆ ಕೈಯಿಟ್ಟ. ಹಿಂದಿನ ಬೆಂಚುಗಳ ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಕೂರಿರಿ ಎಂದು ಜವಾನ ಹೇಳಿದ್ದು ಅವನಿಗೇ ಕೇಳಿಸಿರಲಿಕ್ಕಿಲ್ಲ.

"ಕೊನೆಯ ಸಲ ಹೇಳುತ್ತಿದ್ದೇನೆ, ದ್ಯಾಮವ್ವ," ಎಂದರು ನ್ಯಾಯಾಧೀಶರು. "ತಂಬಿಗೆಗೆ ಉಸಿರು ಬಿಡು. ಇಲ್ಲವಾದರೆ ಅಪೀಲು ವಜಾ."

ದ್ಯಾಮವ್ವ ತಂಬಿಗೆಯನ್ನು ನೋಡಿದಳು. ಹೆಗಲ ಮೇಲಿನ ಕೈಯನ್ನು ನೋಡಿದಳು. ಆಮೇಲೆ ಕೆಳಗೆ ಕೂತು ಒದ್ದೆ ಕಾಗದ ಒರೆಸುತ್ತಿದ್ದ ಗುಮಾಸ್ತನ ಕಡೆ ತಿರುಗಿದಳು.

"ಬಿಡೂದಿಲ್ರೀ," ಎಂದಳು. "ಅಣ್ಣಾರ, ನೀವು ಬರಕೋರಿ. ಆ ಬಾಗಲದ ಕೀಲೀಕೈ ಯಾರ ಸೊಂಟದಾಗಿತ್ತು, ಅಲ್ಲಿಂದ ಚಾಲೂ ಮಾಡ್ತೀನಿ."